ಪತ್ರಿಕೋದ್ಯಮ ಕಲಿತ ಮೇಲೆ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾನು ಹೋದದ್ದು ಹಳೆಯ ವಿದ್ಯಾರ್ಥಿನಿಯಾಗಿ ಅಲ್ಲ, ವರದಿಗಾರ್ತಿಯಾಗಿ. ಒಂದು ಕಾಲದಲ್ಲಿ ಹಿಂದಿನ ಬೆಂಚಿನ ಮೇಲೆ ನಿಂತು ಕೂಗಾಡುತ್ತಿದ್ದ ಅದೇ ಸಭಾಂಗಣದಲ್ಲಿ ಈ ಸಲ ‘ಪತ್ರಕರ್ತರಿಗೆ’ ಎಂದು ಚೀಟಿ ಅಂಟಿಸಿದ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, ಮುಖ್ಯ ಅತಿಥಿಗಳ ಭಾಷಣವನ್ನು ಬರೆದುಕೊಳ್ಳಬೇಕಾಯಿತು. ಸಭೆ ಮುಗಿದ ಮೇಲೆ ಅಂತಿಮ ಬಿ.ಎ. ತರಗತಿಯ ಏಳೆಂಟು ಮಂದಿ ನನ್ನನ್ನು ಸುತ್ತುಗಟ್ಟಿದರು. ಅವರ ಪ್ರಶ್ನೆಗಳು ಮೂರು. ಪತ್ರಿಕೋದ್ಯಮ ಓದಿದರೆ ಕೆಲಸ ಸಿಕ್ಕುತ್ತದೆಯೆ? ಸಂಬಳ ಎಷ್ಟು? ದೊಡ್ಡ ದೊಡ್ಡವರನ್ನೆಲ್ಲ ಹತ್ತಿರದಿಂದ ನೋಡಬಹುದಂತೆ, ಹೌದೆ? ಮೂರಕ್ಕೂ ನಿಂತ ನಿಲುವಿನಲ್ಲೇ ಏನೋ ಉತ್ತರ ಹೇಳಿ ಹೊರಟೆ. ನಮ್ಮ ಕನ್ನಡ ಅಧ್ಯಾಪಕರು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡಿದ್ದರು. “ಈಗ ಹೇಳಿದ್ದು ಪತ್ರಿಕೆಗೆ ಸಾಕು, ನಮ್ಮ ಸಂಚಿಕೆಗೆ ಸ್ವಲ್ಪ ನಿಜ ಬರೆದುಕೊಡಮ್ಮ” ಎಂದರು. ಗುರುಗಳ ಮಾತು. ಆದ್ದರಿಂದ ಈ ಲೇಖನ.

ಆ ಮೂರು ಪ್ರಶ್ನೆಗಳನ್ನು ಮೊದಲು ಬೇಗ ಮುಗಿಸಿಬಿಡುತ್ತೇನೆ. ಕೆಲಸ ಸಿಕ್ಕುತ್ತದೆ, ಆದರೆ ಓದಿದವರಿಗೆಲ್ಲ ಸಿಕ್ಕುವುದಿಲ್ಲ, ಸಿಕ್ಕಿದವರೆಲ್ಲ ಅದರಲ್ಲಿ ಉಳಿಯುವುದೂ ಇಲ್ಲ. ಸಂಬಳವು ಒಂಟಿ ಜೀವಕ್ಕೆ, ಸಣ್ಣ ಊರಿನಲ್ಲಿ, ಕೋಣೆಯ ಬಾಡಿಗೆ, ಊಟ, ಸ್ಕೂಟರಿನ ಪೆಟ್ರೋಲು ಇವಿಷ್ಟಕ್ಕೆ ಸಾಲುತ್ತದೆ. ಮನೆಗೂ ಕಳುಹಿಸಬೇಕೆಂದರೆ ತಿಂಗಳ ಕೊನೆಯ ವಾರ ಬಹಳ ಉದ್ದವಾಗುತ್ತದೆ. ದೊಡ್ಡವರನ್ನು ನೋಡುವುದು ನಿಜ. ಆದರೆ ಅವರು ಬರುವುದನ್ನು ಕಾಯುವ ಹೊತ್ತು ಹೆಚ್ಚು, ನೋಡುವ ಹೊತ್ತು ಕಡಿಮೆ. ಇನ್ನೊಂದು ಪ್ರಶ್ನೆ ಉಂಟು, ಅದನ್ನು ಯಾರೂ ಕೇಳಲಿಲ್ಲ: ತರಗತಿಯಲ್ಲಿ ಕಲಿತದ್ದು ಕೆಲಸದಲ್ಲಿ ಎಷ್ಟು ದೂರ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ? ನನಗೆ ಬರೆಯಬೇಕೆನಿಸುವುದು ಅದನ್ನು ಕುರಿತು.

ಪತ್ರಿಕೋದ್ಯಮ ಪಾಠ ಹೇಳಿ ಕಲಿಸತಕ್ಕ ವಿದ್ಯೆಯೆ ಎಂಬ ವಾದ ಹಳೆಯದು. ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ೧೯೧೩ರಲ್ಲಿ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲನ್ನೇ ಹತ್ತಿದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮದ ತರಗತಿ ಆರಂಭವಾದದ್ದು ೧೯೫೧ರಲ್ಲಿ; ಅದನ್ನು ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿಗಳು. ಇಂದು ನಾಡಿನ ಎಷ್ಟೋ ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುತ್ತಾರೆ. ಆದರೂ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯ ಉಪಸಂಪಾದಕರೊಬ್ಬರು ನನ್ನ ಪದವಿಯ ಹೆಸರು ಕೇಳಿ, “ಹಾಗೋ? ಒಳ್ಳೆಯದು. ಮೂರು ತಿಂಗಳಲ್ಲಿ ಮರೆತುಹೋಗುತ್ತದೆ, ಯೋಚಿಸಬೇಡಿ” ಎಂದು ಸಮಾಧಾನ ಹೇಳಿದರು.

ಅವರ ಮಾತು ಪೂರ್ತಿ ನಿಜವಲ್ಲ. ತರಗತಿ ನನಗೆ ಕೆಲವು ಒಳ್ಳೆಯ ಸಲಕರಣೆಗಳನ್ನು ಕೊಟ್ಟಿತ್ತು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳು ಅವುಗಳಲ್ಲಿ ಮೊದಲನೆಯದು. ತಲೆಕೆಳಗಾದ ಪಿರಮಿಡ್ಡಿನ ಹಾಗೆ ಸುದ್ದಿ ಬರೆಯಬೇಕೆಂಬುದು ಎರಡನೆಯದು: ಅತಿ ಮುಖ್ಯವಾದದ್ದು ಮೊದಲ ವಾಕ್ಯವೃಂದದಲ್ಲಿ, ಅದಕ್ಕಿಂತ ಕಡಿಮೆ ಮುಖ್ಯವಾದದ್ದು ಆಮೇಲೆ, ಬಿಟ್ಟರೂ ನಡೆಯುವಂಥದು ಕೊನೆಯಲ್ಲಿ. ಇದನ್ನು ವಿದ್ಯಾರ್ಥಿಯಾಗಿದ್ದಾಗ ಶಾಸ್ತ್ರನಿಯಮವೆಂದು ಬಾಯಿಪಾಠ ಮಾಡಿದ್ದೆ. ಇದು ಬರಿಯ ಶಾಸ್ತ್ರವಲ್ಲ, ಸ್ಥಳದ ಅಭಾವ ಎಂದು ತಿಳಿದದ್ದು ಕಚೇರಿಯಲ್ಲಿ. ರಾತ್ರಿ ಒಂಬತ್ತು ಗಂಟೆಗೆ ಒಂದು ಜಾಹೀರಾತು ಬಂದಿತೆಂದರೆ ಪುಟ ಕಟ್ಟುವವರು ನಮ್ಮ ವರದಿಯನ್ನು ಕೆಳಗಿನಿಂದ ಕತ್ತರಿಸುತ್ತ ಬರುತ್ತಾರೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲೂ ಹೀಗೆಯೇ, ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಈ ಕಾಲದಲ್ಲೂ ಹೀಗೆಯೇ. ಕೊನೆಯ ಸಾಲಿನಲ್ಲಿ ಚಮತ್ಕಾರ ಮಾಡುವ ಅಭ್ಯಾಸವಿದ್ದವರು ಆ ಅಭ್ಯಾಸವನ್ನು ಬಹು ಬೇಗ ಬಿಡುತ್ತಾರೆ.

೨೦೨೨ರಲ್ಲಿ ಎಂ.ಎ. ಮುಗಿಸಿದ ಮೇಲೆ ನಾನು ಒಂದು ಕನ್ನಡ ದಿನಪತ್ರಿಕೆಯ ಪ್ರವೇಶ ಪರೀಕ್ಷೆಗೆ ಕುಳಿತೆ. ಅದರಲ್ಲಿ ಅರ್ಧದಷ್ಟು ಭಾಷಾಂತರ. ಇಂಗ್ಲಿಷಿನ ಒಂದು ಪುಟವನ್ನು ಅರ್ಧ ಗಂಟೆಯಲ್ಲಿ ಕನ್ನಡಕ್ಕೆ ತರಬೇಕು. ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳಬೇಕು: ಕನ್ನಡ ಪತ್ರಿಕೆಯಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಇಂಗ್ಲಿಷ್ ಬೇಡವೆಂಬುದು ತಪ್ಪು ಕಲ್ಪನೆ. ದೆಹಲಿಯ ಸುದ್ದಿ, ಸುಪ್ರೀಂ ಕೋರ್ಟಿನ ತೀರ್ಪು, ಆಯವ್ಯಯದ ಅಂಕಿ ಅಂಶ ಎಲ್ಲವೂ ಸುದ್ದಿಸಂಸ್ಥೆಗಳಿಂದ ಇಂಗ್ಲಿಷಿನಲ್ಲೇ ಬಂದು ಬೀಳುತ್ತವೆ. ಹೊಸಬರಲ್ಲಿ ಹೆಚ್ಚಿನವರಿಗೆ ಮೊದಲು ಸಿಕ್ಕುವುದು ವರದಿಗಾರಿಕೆಯಲ್ಲ, ಡೆಸ್ಕಿನ ಈ ಕೆಲಸ. ನಾನೂ ಸುಮಾರು ಒಂದು ವರ್ಷ ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರವರೆಗೆ ಅಲ್ಲೇ ಇದ್ದೆ. ‘ಸ್ಟ್ಯಾಂಡಿಂಗ್ ಕಮಿಟಿ’ಯನ್ನು ‘ನಿಂತಿರುವ ಸಮಿತಿ’ ಎಂದು ಬರೆದವರ ಕಥೆಯನ್ನು ಪ್ರತಿಯೊಂದು ಕಚೇರಿಯಲ್ಲೂ ಹೇಳಿ ನಗುತ್ತಾರೆ. ನಾನು ಅಷ್ಟು ದೂರ ಹೋಗಲಿಲ್ಲವಾದರೂ ಎಕರೆಯನ್ನೂ ಹೆಕ್ಟೇರನ್ನೂ ಒಂದೇ ಎಂದು ತಿಳಿದು ಒಂದು ರಾತ್ರಿ ಬೈಸಿಕೊಂಡದ್ದುಂಟು. ಅಲ್ಲಿ ಕಲಿತದ್ದು ಕಡಿಮೆಯಲ್ಲ. ಇತರರ ವರದಿಗಳಲ್ಲಿ ಎಲ್ಲೆಲ್ಲಿ ರಂಧ್ರಗಳಿರುತ್ತವೆ ಎಂಬುದು ಡೆಸ್ಕಿನಲ್ಲಿ ಕುಳಿತವರಿಗೆ ಕಾಣುವಷ್ಟು ಬೇರೆ ಯಾರಿಗೂ ಕಾಣದು. ತಮ್ಮ ಸ್ವಂತ ವರದಿಯ ರಂಧ್ರ ಕಾಣುವುದಿಲ್ಲ, ಅದು ಬೇರೆ ಮಾತು.

೨೦೨೩ರ ಜೂನಿನಲ್ಲಿ ನನ್ನನ್ನು ಮಂಡ್ಯಕ್ಕೆ ವರದಿಗಾರ್ತಿಯಾಗಿ ಕಳುಹಿಸಿದರು.

ಜಿಲ್ಲಾ ಕೇಂದ್ರದ ವರದಿಗಾರರ ದಿನಚರಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಳಗ್ಗೆ ಏಳು ಗಂಟೆಗೆ ಎಲ್ಲ ಪತ್ರಿಕೆಗಳನ್ನೂ ತಿರುವಿ ಹಾಕಬೇಕು. ನಮ್ಮಲ್ಲಿ ಬಾರದೆ ಇನ್ನೊಂದರಲ್ಲಿ ಬಂದ ಸುದ್ದಿ ಇದ್ದರೆ ಅಂದಿನ ತಿಂಡಿ ರುಚಿಸುವುದಿಲ್ಲ. ಆಮೇಲೆ ಪೊಲೀಸರಿಗೆ, ಆಸ್ಪತ್ರೆಗೆ, ಅಗ್ನಿಶಾಮಕದವರಿಗೆ ಫೋನು. ಪ್ರಥಮ ವರ್ತಮಾನ ವರದಿಗಳನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ೨೦೧೬ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವುಗಳಿಗೆ ಠಾಣೆಯ ಬಾಗಿಲು ಕಾಯುವುದು ತಪ್ಪಿದೆ. ಆದರೂ ಠಾಣೆಗೆ ಹೋಗಬೇಕು. ಕಾಗದದಲ್ಲಿ ಇಲ್ಲದ್ದು ಅಲ್ಲಿನ ಬೆಂಚಿನ ಮೇಲೆ ಕುಳಿತಿರುತ್ತದೆ. ಹನ್ನೊಂದು ಗಂಟೆಯಿಂದ ಪತ್ರಿಕಾಗೋಷ್ಠಿಗಳು. ಮಧ್ಯಾಹ್ನ ಜಿಲ್ಲಾಧಿಕಾರಿಗಳ ಕಚೇರಿ, ಪಂಚಾಯತಿ ಸಭೆ, ಧರಣಿ. ಸಂಜೆ ಐದರಿಂದ ಬರೆಯುವುದು. ದೂರದ ತಾಲ್ಲೂಕುಗಳಿಗೆ ಹೋಗತಕ್ಕ ಆವೃತ್ತಿ ಮೊದಲು ಅಚ್ಚಾಗುವುದರಿಂದ ಏಳೂವರೆಗೆ ಮುಖ್ಯವಾದದ್ದೆಲ್ಲ ಹೋಗಿರಬೇಕು. ಈಗ ಇದರ ಜೊತೆಗೆ ಫೋನಿನಲ್ಲಿ ಚಿತ್ರ, ಚಲನಚಿತ್ರ ತೆಗೆದು ನಡುನಡುವೆ ಕಳುಹಿಸುವ ಕೆಲಸವೂ ಸೇರಿಕೊಂಡಿದೆ. ಸುದ್ದಿ ನಡೆಯುವಾಗ ನೋಡಬೇಕೋ, ಅದನ್ನು ತೆಗೆಯಬೇಕೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಪತ್ರಿಕಾಗೋಷ್ಠಿಗಳಲ್ಲಿ ಕೆಲವೊಮ್ಮೆ ಹೇಳಿಕೆಯ ಪ್ರತಿಯ ಜೊತೆಗೆ ಒಂದು ಲಕೋಟೆಯನ್ನೂ ಕೊಡುವುದುಂಟು. ಹಿಂದಿರುಗಿಸಬೇಕೆಂದು ತರಗತಿಯಲ್ಲಿ ಹೇಳಿದ್ದರು, ಹಿಂದಿರುಗಿಸುತ್ತೇನೆ. ಅದು ದೊಡ್ಡ ಸಾಹಸವೇನಲ್ಲ, ನನಗೆ ತಿಂಗಳ ಸಂಬಳವಿದೆ. ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಅರೆಕಾಲಿಕ ವರದಿಗಾರರಿಗೆ ಅದಿಲ್ಲ. ಅನೇಕ ಕಡೆ ಅವರಿಗೆ ಸಿಕ್ಕುವುದು ಅಚ್ಚಾದ ಸುದ್ದಿಯ ಉದ್ದವನ್ನು ಅಳೆದು ಕೊಡುವ ಹಣ. ಅದರಲ್ಲಿ ಯಾರೂ ಬದುಕಲಾರರಾದ್ದರಿಂದ ಒಬ್ಬರು ಜೆರಾಕ್ಸ್ ಅಂಗಡಿ ಇಟ್ಟಿರುತ್ತಾರೆ, ಇನ್ನೊಬ್ಬರು ವಿಮಾ ಏಜೆಂಟರಾಗಿರುತ್ತಾರೆ, ಮತ್ತೊಬ್ಬರು ಬೆಳಗಿನ ಜಾವ ಎದ್ದು ಅದೇ ಪತ್ರಿಕೆಯನ್ನು ಮನೆಮನೆಗೆ ಹಂಚಿಸುತ್ತಾರೆ. ಹಬ್ಬ ಬಂದರೆ ಊರಿನ ಮುಖಂಡರಿಂದ ಶುಭಾಶಯದ ಜಾಹೀರಾತು ತರಬೇಕಾದವರೂ ಅವರೇ. ಇವತ್ತು ಯಾರ ರಸ್ತೆ ಕಾಮಗಾರಿ ಕಳಪೆಯೆಂದು ಬರೆಯಬೇಕೋ ನಾಳೆ ಅವರ ಮನೆಗೇ ಜಾಹೀರಾತಿಗೆ ಹೋಗಬೇಕು. ಇದನ್ನು ನೋಡಿದ ಮೇಲೆ ತಾಲ್ಲೂಕು ವರದಿಗಾರರ ನೀತಿಯನ್ನು ಕುರಿತು ಉಪನ್ಯಾಸ ಕೊಡುವ ಧೈರ್ಯ ನನಗೆ ಹೋಗಿದೆ. ನನಗೆ ತಿಳಿದ ಮಟ್ಟಿಗೆ ಜಿಲ್ಲೆಯ ಒಳ್ಳೆಯ ಸುದ್ದಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೊದಲು ಮೂಸಿ ನೋಡುವವರು ಅವರು.

ಇನ್ನು ನನ್ನ ಕಥೆಗೆ ಬರುತ್ತೇನೆ. ಮಂಡ್ಯದಲ್ಲಿ ಹೊಸದಾಗಿ ಸೇರಿದ ನನ್ನ ಪಾಲಿಗೆ ಮೊದಲು ಬಿದ್ದ ಕೆಲಸ ಕನ್ನಂಬಾಡಿ ಕಟ್ಟೆಯ, ಎಂದರೆ ಕೃಷ್ಣರಾಜಸಾಗರದ, ನೀರಿನ ಮಟ್ಟವನ್ನು ಬರೆಯುವುದು. ಪತ್ರಿಕೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಚೌಕ: ಗರಿಷ್ಠ ಮಟ್ಟ ೧೨೪.೮೦ ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಎಂ.ಎ. ಮಾಡಿ ಬಂದವಳಿಗೆ ಇದೂ ಒಂದು ಕೆಲಸವೆ ಎಂದು ನನಗೆ ಒಳಗೊಳಗೇ ಅವಮಾನವಾಗಿತ್ತು. ಒಂದು ಬೆಳಗ್ಗೆ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಕುಳಿತಿದ್ದಾಗ, ಹಳ್ಳಿಯಿಂದ ಬಂದ ನಾಲ್ವರು ಒಂದು ಪತ್ರಿಕೆಯನ್ನು ಹಂಚಿಕೊಂಡು ಓದುವುದನ್ನು ಕಂಡೆ. ಮುಖಪುಟವನ್ನು ಮಗುಚಿ ಹಾಕಿ ಅವರು ನೇರವಾಗಿ ಆ ಚೌಕಕ್ಕೆ ಹೋದರು. ಒಬ್ಬರು ಗಟ್ಟಿಯಾಗಿ ಓದಿದರು. ಉಳಿದವರು ಬಾಯಲ್ಲೇ ಲೆಕ್ಕ ಹಾಕಿದರು.

ಆ ಲೆಕ್ಕ ತರಗತಿಯಲ್ಲಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು ೨೮ ಲೀಟರು. ದಿನಕ್ಕೆ ೮೬,೪೦೦ ಸೆಕೆಂಡುಗಳು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆದ್ದರಿಂದ ೧೧,೫೭೪ ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಕಟ್ಟೆ ತುಂಬಿದಾಗ ಹಿಡಿಯುವ ನೀರು ೪೯.೪೫೨ ಟಿ.ಎಂ.ಸಿ. ಮಟ್ಟ ಒಂದೊಂದು ಅಡಿ ಏರಿದಾಗಲೂ ಒಂದೇ ಪ್ರಮಾಣದ ನೀರು ಸೇರುವುದಿಲ್ಲ. ತಟ್ಟೆಯ ಹಾಗೆ ಮೇಲೆ ಅಗಲವಾಗಿರುವುದರಿಂದ ಮೇಲಿನ ಅಡಿಗಳಲ್ಲಿ ನೀರು ಹೆಚ್ಚು, ಕೆಳಗಿನ ಅಡಿಗಳಲ್ಲಿ ಕಡಿಮೆ. ಮಟ್ಟ ನೂರು ಅಡಿಗೆ ಇಳಿದರೆ ಐದರಲ್ಲಿ ನಾಲ್ಕು ಪಾಲು ನೀರು ಉಳಿದಿದೆಯೆಂದು ಹೊರಗಿನವರು ತಿಳಿಯುತ್ತಾರೆ. ಟೀ ಅಂಗಡಿಯ ನಾಲ್ವರು ಹಾಗೆ ತಿಳಿಯುವವರಲ್ಲ.

೨೦೨೩ ಮಳೆ ಕೈಕೊಟ್ಟ ವರ್ಷ. ಆ ಆಗಸ್ಟಿನ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ತಮಿಳುನಾಡಿಗೆ ದಿನಕ್ಕೆ ೫,೦೦೦ ಕ್ಯುಸೆಕ್‌ನಂತೆ ೧೫ ದಿನ ನೀರು ಹರಿಸಬೇಕೆಂದು ಹೇಳಿತು. ಮೇಲಿನ ಲೆಕ್ಕ ಹಾಕಿದರೆ ಇದು ಸುಮಾರು ಆರೂವರೆ ಟಿ.ಎಂ.ಸಿ. ಆಗುತ್ತದೆ. ಸಂಜಯ ವೃತ್ತದಲ್ಲಿ ಧರಣಿ, ಹೆದ್ದಾರಿ ತಡೆ ನಡೆದುವು. ಸೆಪ್ಟೆಂಬರಿನಲ್ಲಿ ಸರಕಾರ ೧೯೫ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ೨೩ರಂದು ಮಂಡ್ಯ ಬಂದ್, ೨೬ರಂದು ಬೆಂಗಳೂರು ಬಂದ್, ೨೯ರಂದು ಕರ್ನಾಟಕ ಬಂದ್. ನನ್ನ ಅಂಗೈಯಗಲದ ಚೌಕ ಮುಖಪುಟಕ್ಕೆ ಏರಿತು. ನನಗೆ ಎಷ್ಟು ಉತ್ಸಾಹ ಬಂದಿತೆಂದು ಹೇಳಿದರೆ ಈಗ ನಾಚಿಕೆಯಾಗುತ್ತದೆ.

ಆ ಗಲಾಟೆಯ ನಡುವೆ ಒಂದು ಸಂಜೆ ನಾನೊಂದು ವರದಿ ಬರೆದೆ. ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ಅಂದು ಬೆಳಗ್ಗೆ ಬಂದ ಸಂದೇಶದಿಂದ ಸರಿಯಾಗಿಯೇ ತೆಗೆದುಕೊಂಡಿದ್ದೆ. ಆದರೆ ಬರಿಯ ಅಂಕಿಗಳಿಂದ ಸುದ್ದಿ ಕಳೆಕಟ್ಟುವುದಿಲ್ಲವೆಂದು, ‘ಜಲಾಶಯದಿಂದ ಹೊರಹೋಗುತ್ತಿರುವ ನೀರೆಲ್ಲ ನದಿಯ ಪಾಲಾಗುತ್ತಿದೆ’ ಎಂದು ಒಂದು ವಾಕ್ಯ ಸೇರಿಸಿದೆ. ಡೆಸ್ಕಿನವರು ಆ ವಾಕ್ಯವನ್ನೇ ಎತ್ತಿ ಶೀರ್ಷಿಕೆ ಮಾಡಿದರು. ಮರುದಿನ ನನ್ನ ಹೆಸರಿನ ಸಹಿತ ಅದು ಅಚ್ಚಾಗಿ ಬಂತು. ಅಮ್ಮನಿಗೆ ಫೋನು ಮಾಡಿ ಹೇಳಿದೆ.

ವರದಿಯಲ್ಲಿ ಯಾವ ಅಂಕಿಯೂ ತಪ್ಪಾಗಿರಲಿಲ್ಲ. ‘ಎಲ್ಲ’ ಎಂಬ ಮಾತು ತಪ್ಪಾಗಿತ್ತು. ಹೊರಹರಿವು ಎಂದು ಕೊಡುವುದು ಒಟ್ಟು ಮೊತ್ತ. ಅದರಲ್ಲಿ ನದಿಗೆ ಬಿಟ್ಟದ್ದೂ ಸೇರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹೋಗುವ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟದ್ದೂ, ಇತರ ಸಣ್ಣ ನಾಲೆಗಳಿಗೆ ಬಿಟ್ಟದ್ದೂ ಸೇರುತ್ತದೆ. ಅಂದು ನಾಲೆಗೂ ನೀರು ಹೋಗುತ್ತಿತ್ತು. ಇನ್ನೂ ಒಂದು ಮಾತಿದೆ. ನದಿಗೆ ಬಿಟ್ಟದ್ದೆಲ್ಲ ತಮಿಳುನಾಡಿಗೆ ಬಿಟ್ಟದ್ದು ಎಂದು ತಿಳಿಯುವುದೂ ಸರಿಯಲ್ಲ. ಬೆಂಗಳೂರಿನವರು ಕುಡಿಯುವ ಕಾವೇರಿ ನೀರನ್ನು ಅದೇ ನದಿಯ ಹರಿವಿನಿಂದ ಪಡೆದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಎತ್ತಿ ಕಳುಹಿಸುತ್ತಾರೆ. ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಕೂಡುತ್ತದೆ. ತಮಿಳುನಾಡಿಗೆ ಎಷ್ಟು ಹೋಯಿತೆಂದು ಅಳೆಯುವುದು ಕಟ್ಟೆಯ ಬಾಗಿಲಲ್ಲಿ ಅಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಸುಪ್ರೀಂ ಕೋರ್ಟು ೨೦೧೮ರ ಫೆಬ್ರುವರಿ ೧೬ರ ತೀರ್ಪಿನಲ್ಲಿ ವರ್ಷಕ್ಕೆ ೧೭೭.೨೫ ಟಿ.ಎಂ.ಸಿ. ಎಂದು ಗೊತ್ತುಮಾಡಿದ್ದೂ ಆ ಬಿಳಿಗುಂಡ್ಲುವಿನ ಲೆಕ್ಕವೇ. ಇದೆಲ್ಲ ಗುಟ್ಟಿನ ವಿಷಯವಲ್ಲ. ನದಿಗೆಷ್ಟು, ನಾಲೆಗೆಷ್ಟು ಎಂದು ಒಂದು ಫೋನು ಮಾಡಿ ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಬೆಳಗ್ಗೆಯೇ ಒಬ್ಬ ಎಂಜಿನಿಯರರು ಫೋನು ಮಾಡಿ ತಪ್ಪನ್ನು ತೋರಿಸಿದರು. ನಮ್ಮ ಜಿಲ್ಲಾ ವರದಿಗಾರರು ಮೂವತ್ತು ವರ್ಷ ಈ ಕೆಲಸದಲ್ಲಿ ಸವೆದವರು. ಅವರು ನನ್ನ ನೋಟ್‌ಬುಕ್ಕನ್ನು ಕೇಳಿ ತೆಗೆದುಕೊಂಡು, ಆ ಪುಟವನ್ನು ನೋಡಿ, “ಇಲ್ಲಿ ‘ಎಲ್ಲ’ ಅಂತ ಎಲ್ಲಿದೆಯಮ್ಮ?” ಎಂದು ಮಾತ್ರ ಕೇಳಿದರು. ಮರುದಿನ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ತಪ್ಪು ಮುಖಪುಟದಲ್ಲಿ ಐದು ಕಾಲಂ ಅಗಲಕ್ಕೆ, ತಿದ್ದುಪಡಿ ಏಳನೆಯ ಪುಟದಲ್ಲಿ ಒಂದು ಕಾಲಮ್ಮಿಗೆ. ಇದು ನಮ್ಮ ವೃತ್ತಿಯ ಹಳೆಯ ರೂಢಿ, ಸಮರ್ಥಿಸತಕ್ಕದ್ದಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮೂರನೆಯ ದಿನ ಮದ್ದೂರು ತಾಲ್ಲೂಕಿನಿಂದ, ನಾಲೆಯ ಕೊನೆಯ ಭಾಗದ ಒಂದು ಹಳ್ಳಿಯಿಂದ, ವಯಸ್ಸಾದ ರೈತರೊಬ್ಬರು ಕಚೇರಿಗೆ ಬಂದರು. ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿದ್ದ ಪತ್ರಿಕೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

“ಇದ ಬರದೋರು ಯಾರವ್ವ?”

“ನಾನೇ, ಯಜಮಾನರೆ.”

“ನಾಲೆ ತಾವ್ ಹೋಗಿ ನೋಡ್ಬುಟ್ಟು ಬರದ್ಯಾ?”

“ಇಲ್ಲ.”

“ಹಂಗಾರೆ ಎಲ್ಲಾ ನೀರೂ ಹೊಳಿಗೇ ಹೋಯ್ತದೆ ಅಂತ ಯಾರ್ ಹೇಳುದ್ರು?”

ಯಾರೂ ಹೇಳಿರಲಿಲ್ಲ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಟಿಗೆಂದು ಒಟ್ಟಲು ಹಾಕಿಕೊಂಡು ನಾಲೆಯ ನೀರಿಗೆ ಕಾಯುತ್ತಿದ್ದರಂತೆ. ಪತ್ರಿಕೆ ನೋಡಿದ ಮೇಲೆ ಇನ್ನು ನೀರು ಬರುವುದಿಲ್ಲವೆಂದು ನಿಶ್ಚಯಿಸಿ, “ಒಟ್ಲಿಗೆ ದನ ಬು‌ಟ್ಬುಟ್ಟೆ ಕನವ್ವ” ಎಂದರು. ಆಮೇಲೆ ಟೀ ಕುಡಿಯುತ್ತ, ತಾವೇ ನನ್ನನ್ನು ಸಮಾಧಾನಪಡಿಸುವವರ ಹಾಗೆ, “ನಾಟಿ ಮಾಡಿದ್ರೂ ಒಣಗ್ತಿತ್ತೋ ಏನೋ. ಅದ್ ಬ್ಯಾರೆ ಮಾತು” ಎಂದರು. ಆ ವರ್ಷದ ನೀರನ್ನು ನೋಡಿದರೆ ಅವರು ಹೇಳಿದ್ದು ಆಗಬಹುದಾಗಿದ್ದ ಮಾತೇ. ಕೊನೆಯ ಭಾಗದ ಗದ್ದೆಗಳಿಗೆ ನೀರು ಒಳ್ಳೆಯ ವರ್ಷದಲ್ಲೂ ಕಷ್ಟದಿಂದಲೇ ಮುಟ್ಟುತ್ತದೆ. ನನ್ನ ಒಂದು ಪದದಿಂದ ಅವರಿಗೆ ನಷ್ಟವಾಯಿತೋ, ನಾಟಿಯ ಕೂಲಿ ಗೊಬ್ಬರದ ಖರ್ಚು ಉಳಿದು ಲಾಭವಾಯಿತೋ ನನಗೆ ತಿಳಿಯಲಿಲ್ಲ. ಅದು ಬೇರೆ ಮಾತು ಎಂದು ಅವರೇ ಹೇಳಿದ್ದರಲ್ಲ.

ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬಲಗಡೆಯ ಪುಟ, ಕೇಳಿದ್ದಕ್ಕೆ ಮತ್ತು ಕಂಡದ್ದಕ್ಕೆ; ಎಡಗಡೆಯ ಪುಟ, ನನಗೆ ತೋಚಿದ್ದಕ್ಕೆ. ಸಂಜೆ ಬರೆಯುವಾಗ ಎಡಗಡೆಯ ಪುಟದಿಂದ ಯಾವುದಾದರೂ ವರದಿಯೊಳಕ್ಕೆ ಹೋಗಬೇಕಾದರೆ ಮೊದಲು ಒಂದು ಫೋನು, ಇಲ್ಲವೆ ಸ್ಕೂಟರು. ಬಹಳ ಸಲ ಅದು ಸರಿಯೆಂದೇ ತಿಳಿದುಬರುತ್ತದೆ. ಆ ಹೊತ್ತಿಗೆ ಏಳೂವರೆ ದಾಟಿರುತ್ತದೆ, ಡೆಸ್ಕಿನಿಂದ ಬೈಗುಳವೂ ಬರುತ್ತದೆ. ಈ ನಷ್ಟವನ್ನು ಒಪ್ಪಿಕೊಂಡಿದ್ದೇನೆ.

ತರಗತಿಯಲ್ಲಿ ಕಾನೂನನ್ನೂ ಓದಿದ್ದೆವು. ಮಾನಹಾನಿಗೆ ದಂಡಸಂಹಿತೆಯ ೪೯೯, ೫೦೦ನೆಯ ಕಲಮುಗಳು ಎಂದು ನಾವು ಉರುಹೊಡೆದದ್ದು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಕಲಮು ಆ ಜಾಗಕ್ಕೆ ಬಂದಿದೆ. ಪರೀಕ್ಷೆಗೆ ಕೂರುವವರು ಹಳೆಯ ಟಿಪ್ಪಣಿಗಳನ್ನು ನಂಬಬಾರದು. ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನು, ಗುರುತು ಸಿಕ್ಕುವಂಥ ಯಾವುದನ್ನೂ, ಪ್ರಕಟಿಸಕೂಡದೆಂಬ ನಿಷೇಧ ಮೊದಲು ೨೨೮-ಎ ಕಲಮಿನಲ್ಲಿತ್ತು, ಈಗ ೭೨ನೆಯ ಕಲಮಿನಲ್ಲಿದೆ. ಮಕ್ಕಳ ವಿಷಯದಲ್ಲಿ ಬೇರೆ ಕಾಯಿದೆಗಳೂ ಉಂಟು. ಹೆಸರು ಬಿಡುವುದು ಸುಲಭ; ಗುರುತು ಬಿಡುವುದು ಕಷ್ಟ. ನಗರದಲ್ಲಿ ‘ಹದಿನಾಲ್ಕರ ಬಾಲಕಿ’ ಎಂದರೆ ಯಾರೆಂದು ತಿಳಿಯದು. ಮುನ್ನೂರು ಮನೆಯ ಊರಿನ ಹೆಸರು ಹಾಕಿ, ತಂದೆ ಗಾರೆ ಕೆಲಸದವರು, ಮಗಳು ಒಂಬತ್ತನೆಯ ತರಗತಿ ಎಂದು ಬರೆದರೆ ಹೆಸರು ಹಾಕಿದ್ದಕ್ಕಿಂತ ಹೆಚ್ಚೇನು ಉಳಿಯಿತು? ಇಂಥ ವರದಿಯಲ್ಲಿ ನಾನು ಊರಿನ ಹೆಸರು ತೆಗೆದು ತಾಲ್ಲೂಕು ಮಾತ್ರ ಇಡುತ್ತೇನೆ. ಒಮ್ಮೆ ಡೆಸ್ಕಿನಿಂದ, ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಸಾಲದೆಂದು ಫೋನು ಬಂತು. ಆರು ಪ್ರಶ್ನೆಗಳಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೇನೆಂದು ಹೇಳಿದೆ.

ಪ್ರಶ್ನೆ ಕೇಳುವುದನ್ನು ಕಲಿಯಬೇಕೆನ್ನುವವರಿಗೆ ನಾನು ಹೇಳುವ ಒಂದು ಅಭ್ಯಾಸ ಮಾಹಿತಿ ಹಕ್ಕಿನ ಅರ್ಜಿ. ೨೦೦೫ರ ಆ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು ಯಾವ ನಾಗರಿಕನೂ ಸರಕಾರಿ ಕಚೇರಿಯಿಂದ ಮಾಹಿತಿ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ನೂರೈವತ್ತು ಪದಗಳನ್ನು ಮೀರುವಂತಿಲ್ಲ. ಇದು ತೊಂದರೆಯೇ ನಿಜ. ಆದರೆ ‘ನಾಲೆಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ‘ಇಂಥ ತಿಂಗಳ ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ತೂಬಿನಲ್ಲಿ ದಿನವಹಿ ಬಿಟ್ಟ ನೀರೆಷ್ಟು’ ಎಂದು ಬರೆದರೆ ಒಂದು ಕಾಗದ ಬರುತ್ತದೆ. ಇದಕ್ಕೆ ವರದಿಗಾರರಾಗಬೇಕೆಂದಿಲ್ಲ, ವಿದ್ಯಾರ್ಥಿಗಳೂ ಮಾಡಬಹುದು. ನಮ್ಮ ಕಾಲೇಜಿನ ಗ್ರಂಥಾಲಯದ ಅನುದಾನದಿಂದ ಆರಂಭಿಸಿದರೆ ಪ್ರಾಂಶುಪಾಲರು ನನ್ನ ಮೇಲೆ ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.

ನನ್ನ ಜೊತೆ ಎಂ.ಎ. ಓದಿದವರಲ್ಲಿ ಹಲವರು ಈಗ ಪತ್ರಿಕೆಗಳಲ್ಲಿ ಇಲ್ಲ. ಒಬ್ಬಳು ಕಂಪನಿಯೊಂದರ ಪ್ರಚಾರ ವಿಭಾಗದಲ್ಲಿದ್ದಾಳೆ, ಇಬ್ಬರು ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾರೆ, ಒಬ್ಬ ಊರಿಗೆ ಹಿಂದಿರುಗಿ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದಾನೆ, ನನಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಅವರನ್ನು ಸೋತವರೆಂದು ನಾನು ಹೇಳಲಾರೆ. ೧೯೫೫ರಲ್ಲಿ ಬಂದ ಶ್ರಮಜೀವಿ ಪತ್ರಕರ್ತರ ಕಾಯಿದೆ, ನಾಲ್ಕು ವಾರಗಳಲ್ಲಿ ೧೪೪ ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಹೇಳಿತ್ತು. ಎಂದರೆ ವಾರಕ್ಕೆ ೩೬ ಗಂಟೆ. ಆ ೩೬ ಗಂಟೆಯ ವಾರವನ್ನು ನಾನಿನ್ನೂ ಕಂಡಿಲ್ಲ. ಸಂಬಳ ಏರುವುದು ನಿಧಾನ, ರಜೆ ಕಡಿಮೆ. ಮದುವೆಯ ಮಾತು ಬಂದಾಗ, “ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರ್ತೀಯಮ್ಮ?” ಎಂದು ಕೇಳುವವರಿಗೆ ಉತ್ತರ ಹೇಳುವುದು ಕಷ್ಟ. ಈ ವೃತ್ತಿಗೆ ಬರಬೇಕೆನ್ನುವವರು ಇದನ್ನೆಲ್ಲ ಮೊದಲೇ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿಕೊಂಡು ಬರುವುದು ಮೇಲು. ಸಾಧ್ಯವಾದರೆ ಮೂರನೆಯ ವರ್ಷದ ರಜೆಯಲ್ಲಿ ಒಂದು ತಿಂಗಳು ತಮ್ಮ ತಾಲ್ಲೂಕಿನ ವರದಿಗಾರರ ಸ್ಕೂಟರಿನ ಹಿಂದೆ ಕುಳಿತು ಸುತ್ತಬೇಕು. ಆಮೇಲೆ ಅರ್ಜಿ ಹಾಕಬಹುದು.

ನಾನು ಏಕೆ ಉಳಿದೆ ಎಂದು ಆ ದಿನ ಒಬ್ಬ ಹುಡುಗ ಕೇಳಿದ. ಅದಕ್ಕೆ ನನ್ನಲ್ಲಿ ಗಂಭೀರವಾದ ಉತ್ತರವಿಲ್ಲ. ೨೦೨೪ರ ಜುಲೈನಲ್ಲಿ ಕಟ್ಟೆ ತುಂಬಿತು. ಮಟ್ಟ ೧೨೪.೮೦ ಎಂದು ಬರೆದ ದಿನ ಚೌಕದಲ್ಲಿ ಎರಡು ಸಾಲುಗಳೂ ಒಂದೇ ಅಂಕಿ ತೋರಿಸುತ್ತಿದ್ದುವು. ಮುದ್ರಣದೋಷವೆಂದು ಡೆಸ್ಕಿನ ಹೊಸ ಹುಡುಗಿ ಫೋನು ಮಾಡಿ ಕೇಳಿದಳು. ಅಲ್ಲವೆಂದೆ. ಮರುದಿನ ಬೆಳಗ್ಗೆ ಪತ್ರಿಕೆ ಊರು ಮುಟ್ಟುವ ಮೊದಲೇ ಮದ್ದೂರಿನ ಆ ಯಜಮಾನರ ಫೋನು ಬಂತು. ಒಟ್ಟಲಿನ ಘಟನೆಯ ಮೇಲೆ ಅವರು ನನ್ನ ನಂಬರು ಬರೆಸಿಕೊಂಡು ಹೋಗಿದ್ದರು. ಮಳೆಗಾಲ ಬಂದಿತೆಂದರೆ ವಾರಕ್ಕೆ ಎರಡು ಸಲವಾದರೂ ಮಾಡುತ್ತಾರೆ. ಕುಶಲ ಪ್ರಶ್ನೆ ಇಲ್ಲ, ಪೀಠಿಕೆ ಇಲ್ಲ.

“ಹೊಳಿಗೆಷ್ಟವ್ವ, ನಾಲಿಗೆಷ್ಟು?” ಎನ್ನುತ್ತಾರೆ.

ನಾನು ಎರಡನ್ನೂ ಬೇರೆಬೇರೆಯಾಗಿ ಓದಿ ಹೇಳುತ್ತೇನೆ.